ಮಿಡಿತದ ಅಂಚಿನಲ್ಲಿದೆ ಕಾಲ: ಫೆಮ್ಟೊಸೆಕೆಂಡ್ ಬೆಳಕಿಗೆ ಆಕಾರ ಕೊಟ್ಟು ಕ್ವಾಂಟಮ್ ಮಿತಿಯವರೆಗೆ ಅಳೆಯುವ ಬಗೆ

ಕಾಸರಗೋಡಿನವರಿಗೆ ರೈಲ್ವೆ ಗೇಟಿನ ಮುಂದೆ ಕಾಯುವುದು ಹೊಸತಲ್ಲ. ಗೂಡ್ಸ್ ಗಾಡಿ ಹೋಗುವಾಗ ಒಮ್ಮೆ ಗಮನವಿಟ್ಟು ನೋಡಿ. ಎಂಜಿನ್ ಗೇಟಿನ ಎದುರು ಬಂದ ಕ್ಷಣ ನಿಮಗೆ ಗೊತ್ತಾಗುತ್ತದೆ. ಕೊನೆಯ ಗಾರ್ಡ್ ಡಬ್ಬಿ ದಾಟಿದ ಕ್ಷಣವೂ ಗೊತ್ತಾಗುತ್ತದೆ. ನಡುವಿನ ಡಬ್ಬಿಗಳು ಹೋಗುತ್ತಿರುವಾಗ ಕಣ್ಣು ಮುಚ್ಚಿ ತೆರೆದರೆ ಗಾಡಿ ಎಷ್ಟು ಮುಂದೆ ಸರಿಯಿತೆಂದು ಹೇಳಲಾಗದು, ಎಲ್ಲ ಡಬ್ಬಿಯೂ ಒಂದೇ ಥರ. ಎರಡು ಡಬ್ಬಿಗಳ ಸಂದಿಯನ್ನು ನೋಡಿ ಗಾಡಿಯ ಸ್ಥಾನವನ್ನು ಬಹಳ ನಿಖರವಾಗಿ ಹೇಳಬಹುದು ನಿಜ, ಆದರೆ ಅದು ಎಷ್ಟನೆಯ ಸಂದಿ ಎಂಬುದು ಗೊತ್ತಿರಬೇಕು.

ಬೆಳಕಿನ ಮಿಡಿತವನ್ನೂ ಹೀಗೆಯೇ ನೋಡಬಹುದು. ಒಂದು ಸೆಕೆಂಡನ್ನು ಸಾವಿರ ಲಕ್ಷ ಕೋಟಿ ತುಂಡು ಮಾಡಿದರೆ ಒಂದು ತುಂಡು ಒಂದು ಫೆಮ್ಟೊಸೆಕೆಂಡ್. 100 ಫೆಮ್ಟೊಸೆಕೆಂಡಿನ ಒಂದು ಮಿಡಿತ, ಅಂದರೆ ಪಲ್ಸ್, 30 ಮೈಕ್ರೊಮೀಟರ್ ಉದ್ದದ ಗಾಡಿ. ಅಲೆಯುದ್ದ 800 ನ್ಯಾನೋಮೀಟರ್ ಆದರೆ ಒಂದು ಅಲೆಗೆ 2.67 ಫೆಮ್ಟೊಸೆಕೆಂಡ್, ಅಂದರೆ ಈ ಗಾಡಿಗೆ ಸುಮಾರು 37 ಡಬ್ಬಿ. ಡಬ್ಬಿಗಳ ಸಂದಿ ಎಂದರೆ ಒಳಗಿನ ಅಲೆಯ ಫೇಸ್, ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದು. ಎಂಜಿನ್ನಿನ ಮೂತಿ, ಗಾರ್ಡ್ ಡಬ್ಬಿಯ ಬೆನ್ನು ಎಂದರೆ ಪಲ್ಸಿನ ಏರು ಮತ್ತು ಇಳಿಜಾರು. ಪಲ್ಸಿನ ನೆತ್ತಿ ಎಷ್ಟೇ ಪ್ರಖರವಾಗಿರಲಿ, ಅದು ಯಾವಾಗ ಬಂತೆಂಬ ಪ್ರಶ್ನೆಗೆ ನೆತ್ತಿಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ಅಂಚಿನಲ್ಲಿ. ಈ ಬರಹದ ಎಲ್ಲ ಹೆಜ್ಜೆಗಳೂ ಆ ಒಂದು ಮಾತಿನಿಂದಲೇ ಹೊರಡುತ್ತವೆ.

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಧೋ ಎಂದು ಮಳೆ ಹೊಯ್ಯುವಾಗ, ನೀರ್ಚಾಲಿನ ಮನೆಯೊಂದರ ಚಾವಡಿಯಲ್ಲಿ ಮೂವರು ಎಂಎಸ್‌ಸಿ ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಮೂವರೂ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಒಬ್ಬಳು ಕೇಳಿದಳು: “ಟೀಚರೇ, ಪಲ್ಸನ್ನೇ ಇನ್ನೂ ಚಿಕ್ಕದು ಮಾಡಿದ್ರೆ ಆಗುದಿಲ್ವಾ?” ಆಗುತ್ತದೆ, ಆದರೆ ಅದಕ್ಕೆ ಬೆಲೆ ತೆರಬೇಕು. ಆ ಬೆಲೆ ತೆರುವ ಮೊದಲು ಕೈಯಲ್ಲಿರುವ ಪಲ್ಸಿನಿಂದ ಪೂರ್ತಿ ಮಾಹಿತಿ ಹಿಂಡಿ ತೆಗೆಯಬಹುದು. ದಾರಿ ತೋರಿಸಿದವರು ಪ್ಯಾರಿಸಿನ ಭೌತವಿಜ್ಞಾನಿಗಳಾದ ಬ್ರಾಹಿಂ ಲಾಮೀನ್, ಕ್ಲೋಡ್ ಫಾಬ್ರ್ ಮತ್ತು ನಿಕೋಲಾ ಟ್ರೆಪ್ಸ್, 2008ರಲ್ಲಿ. ಅಳೆಯಬೇಕಾದ ಪಲ್ಸನ್ನು ಮುಟ್ಟದೆ, ಅದರ ಪಕ್ಕದಲ್ಲಿಡುವ ಆಧಾರ ಪಲ್ಸಿಗೆ ಸರಿಯಾದ ಆಕಾರ ಕೊಟ್ಟರೆ ಪ್ರಕೃತಿ ಅನುಮತಿಸುವ ಕೊನೆಯ ಮಿತಿಯನ್ನೇ ಮುಟ್ಟಬಹುದೆಂದು ಅವರು ತೋರಿಸಿದರು.

ಮೊದಲು ಕಾಗದ, ಪೆನ್ಸಿಲ್

ಲೇಸರ್ ಸ್ವಿಚ್ ಹಾಕುವ ಮೊದಲು ನಿಮ್ಮ ಮಿತಿ ಎಷ್ಟೆಂದು ಲೆಕ್ಕ ಹಾಕಿ. ಅದು ಗೊತ್ತಿಲ್ಲದೆ ಅಳತೆಗೆ ಇಳಿದರೆ, ಬಂದ ಫಲಿತಾಂಶ ಒಳ್ಳೆಯದೋ ಕೆಟ್ಟದೋ ಎಂದೇ ತಿಳಿಯುವುದಿಲ್ಲ.

ಪಲ್ಸ್ ಗಾಸಿಯನ್, ಅಂದರೆ ಗಂಟೆಯ ಆಕಾರದ್ದು, ಎಂದು ಇಟ್ಟುಕೊಳ್ಳಿ. ಅರ್ಧ ಎತ್ತರದಲ್ಲಿ ಅದರ ಅಗಲ 100 ಫೆಮ್ಟೊಸೆಕೆಂಡ್. ಇದನ್ನು 2.355ರಿಂದ ಭಾಗಿಸಿದರೆ ಮಾನಕ ವಿಚಲನೆ 42.5 ಫೆಮ್ಟೊಸೆಕೆಂಡ್. ರೋಹಿತದ ಅಗಲಕ್ಕೆ 0.441ನ್ನು ಪಲ್ಸಿನ ಅವಧಿಯಿಂದ ಭಾಗಿಸಿ: 4.41 ಟೆರಾಹರ್ಟ್ಸ್, ಅಲೆಯುದ್ದದಲ್ಲಿ ಸುಮಾರು 9.4 ನ್ಯಾನೋಮೀಟರ್.

ಇನ್ನು ಫೋಟಾನುಗಳ ಎಣಿಕೆ. 800 ನ್ಯಾನೋಮೀಟರಿನ 1 ಮಿಲಿವಾಟ್ ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 4 ಸಾವಿರ ಲಕ್ಷ ಕೋಟಿ ಫೋಟಾನುಗಳು, ಅಂದರೆ ನಾಲ್ಕರ ಮುಂದೆ 15 ಸೊನ್ನೆ. ಚಾವಡಿಯಲ್ಲಿ ಕೂತು ಹಂಚಿನ ಮೇಲೆ ಬೀಳುವ ಮಳೆ ಕೇಳಿದವರಿಗೆ ಶಾಟ್ ನಾಯ್ಸ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಮಳೆಯ ಜೋರು ಒಂದೇ ಇದ್ದರೂ ಹನಿಗಳು ಒಂದೇ ಅಂತರದಲ್ಲಿ ಬೀಳುವುದಿಲ್ಲ, ಆದ್ದರಿಂದಲೇ ಆ ಸದ್ದು ಒರಟು. ಫೋಟಾನುಗಳೂ ಹಾಗೆಯೇ ಬರುತ್ತವೆ, ಅವುಗಳ ಸಂಖ್ಯೆಯ ವರ್ಗಮೂಲದಷ್ಟು ಏರಿಳಿತ ತಪ್ಪಿದ್ದಲ್ಲ. ಪಲ್ಸಿನ ಅಂಚನ್ನು ಮಾತ್ರ ನೋಡಿ ಕಾಲ ಅಳೆದರೆ ಮಿತಿ ಹೀಗಿದೆ: ಮಾನಕ ವಿಚಲನೆಯನ್ನು ಫೋಟಾನ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಒಂದು ಸೆಕೆಂಡಿನ ಅಳತೆಗೆ 0.67 ಝೆಪ್ಟೊಸೆಕೆಂಡ್ ಬರುತ್ತದೆ. ಒಂದು ಫೆಮ್ಟೊಸೆಕೆಂಡನ್ನು ಹತ್ತು ಲಕ್ಷ ತುಂಡು ಮಾಡಿದರೆ ಒಂದು ತುಂಡು ಒಂದು ಝೆಪ್ಟೊಸೆಕೆಂಡ್. ಒಳಗಿನ ಅಲೆಯ ಫೇಸನ್ನು ನೋಡಿದರೆ ಮಿತಿ ಇನ್ನೂ 200 ಪಟ್ಟು ಚಿಕ್ಕದು, ಆದರೆ ಅಲ್ಲಿ ಎಷ್ಟನೆಯ ಡಬ್ಬಿ ಎಂಬ ಗೊಂದಲ ಉಳಿಯುತ್ತದೆ. ಈ 200 ಎಂಬ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ, ಕೊನೆಯಲ್ಲಿ ಬೇಕಾಗುತ್ತದೆ. ಬೆಳಕಿನ ಕೋನೀಯ ಆವೃತ್ತಿಯನ್ನು ರೋಹಿತದ ಮಾನಕ ವಿಚಲನೆಯಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು.

ಲೇಸರ್, ಗಾಜು, ಕಣ್ಣು

ಬಳಸುವುದು ಟೈಟಾನಿಯಂ ಸಫೈರ್ ಲೇಸರ್, ಸೆಕೆಂಡಿಗೆ ಸುಮಾರು 8 ಕೋಟಿ ಪಲ್ಸ್ ಕೊಡುವಂಥದ್ದು. 800 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಮಂಕು ಕೆಂಪಾಗಿ ಕಾಣುತ್ತದೆ, ಆ ಮಂಕನ್ನು ನಂಬಬೇಡಿ. ಕಾಣದ ಪ್ರಖರತೆಯೇ ರೆಟಿನಾವನ್ನು ಸುಡುವುದು. ಆ ಅಲೆಯುದ್ದಕ್ಕೆ ತಕ್ಕ ಕನ್ನಡಕ ಹಾಕಿ, ಉಂಗುರ, ಬಳೆ, ವಾಚು ತೆಗೆದಿಡಿ, ಮೇಜಿನ ಎತ್ತರಕ್ಕೆ ಎಂದೂ ತಲೆ ಬಗ್ಗಿಸಬೇಡಿ. ಬಿದ್ದ ಸ್ಕ್ರೂ ಹೆಕ್ಕುವ ಮೊದಲು ಶಟರ್ ಮುಚ್ಚಿ.

ಪಲ್ಸಿನ ಉದ್ದವನ್ನು ಆಟೊಕೊರಿಲೇಟರಿನಲ್ಲಿ, ಅಂದರೆ ಪಲ್ಸನ್ನು ಅದರದೇ ಪ್ರತಿಯೊಂದಿಗೆ ಹೋಲಿಸುವ ಉಪಕರಣದಲ್ಲಿ, ಅಳೆಯಿರಿ. ಗಾಸಿಯನ್ ಆದರೆ ಕಂಡ ಅಗಲವನ್ನು 1.414ರಿಂದ ಭಾಗಿಸಬೇಕು. ಫ್ರಾಗ್ ಅಥವಾ ಸ್ಪೈಡರ್ ಎಂಬ ಉಪಕರಣ ಇದ್ದರೆ ಇನ್ನೂ ಒಳ್ಳೆಯದು, ಅವು ಫೇಸನ್ನೂ ಕೊಡುತ್ತವೆ. ಪಲ್ಸನ್ನೇ ಚಿಕ್ಕದು ಮಾಡಬಾರದೇ ಎಂಬ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಸಾಧಾರಣ ಬಿಕೆ7 ಗಾಜು 1 ಸೆಂಟಿಮೀಟರ್ ದಪ್ಪವಿದ್ದರೆ 100 ಫೆಮ್ಟೊಸೆಕೆಂಡ್ ಪಲ್ಸನ್ನು ಶೇ. 1ರಷ್ಟೂ ಉದ್ದ ಮಾಡುವುದಿಲ್ಲ. ಅದೇ ಗಾಜಿನಲ್ಲಿ 20 ಫೆಮ್ಟೊಸೆಕೆಂಡ್ ಪಲ್ಸ್ ಹಾಯಿಸಿದರೆ ಹೊರಬರುವಾಗ ಅದು ಸುಮಾರು 65 ಆಗಿರುತ್ತದೆ. ಚಿಕ್ಕ ಪಲ್ಸಿನ ರೋಹಿತ ಅಗಲ, ಗಾಜಿನಲ್ಲಿ ಕೆಂಪು ಮುಂದೆ, ನೀಲಿಯ ಕಡೆಯದು ಹಿಂದೆ. ಮೊದಲ ಸಲ ಕಟ್ಟುವವರು 100ರ ಪಲ್ಸಿನಿಂದಲೇ ಶುರುಮಾಡಿ.

ಬೆಳಕನ್ನು ಎರಡು ಮಾಡಿ, ಒಂದನ್ನು ಮುಟ್ಟಬೇಡಿ

ಲೇಸರಿನಿಂದ ಬಂದ ಬೆಳಕನ್ನು ಬೀಮ್ ಸ್ಪ್ಲಿಟರಿನಲ್ಲಿ ಒಡೆಯಿರಿ. ಚಿಕ್ಕ ಪಾಲು ಸಿಗ್ನಲ್, ಅಂದರೆ ನೀವು ಅಳೆಯಬೇಕಾದ ದಾರಿಯಲ್ಲಿ ಹೋಗಿಬರುವ ಬೆಳಕು. ದೊಡ್ಡ ಪಾಲು ಆಧಾರದ ಬೆಳಕು, ಇದಕ್ಕೆ ಲೋಕಲ್ ಆಸಿಲೇಟರ್ ಎನ್ನುತ್ತಾರೆ.

ಆಕಾರ ಕೊಡುವ ಸಾಧನವನ್ನು, ಅಂದರೆ ಶೇಪರನ್ನು, ಆಧಾರದ ದಾರಿಯಲ್ಲಿ ಮಾತ್ರ ಇಡಿ. ಶೇಪರ್ ಎಂದೊಡನೆ ಸಿಗ್ನಲ್ ಪಲ್ಸಿಗೇ ಆಕಾರ ಕೊಡಬೇಕೆಂದು ಹಲವರಿಗೆ ಅನಿಸುತ್ತದೆ. ಹಾಗೆ ಮಾಡಿದರೆ ಶೇಪರಿನೊಳಗೆ ಬಣ್ಣ ಬಿಡಿಸುವ ಗ್ರೇಟಿಂಗಿನಲ್ಲಿ, ಬಣ್ಣಗಳನ್ನು ತಿದ್ದುವ ಮಾಸ್ಕಿನಲ್ಲಿ ಕಳೆದುಹೋದ ಪ್ರತಿ ಫೋಟಾನ್ ಕೂಡ ಅಳತೆಯ ನಿಖರತೆಯನ್ನು ಕಡಮೆ ಮಾಡುತ್ತದೆ. ಆಧಾರದ ಬೆಳಕಿನಲ್ಲಿ ಎಷ್ಟು ಕಳೆದುಹೋದರೂ, ಅದು ಸಿಗ್ನಲಿಗಿಂತ ಬಹಳ ಪ್ರಖರವಾಗಿ ಉಳಿದಿದ್ದರೆ ಸಾಕು, ನಷ್ಟವಿಲ್ಲ.

ಶೇಪರ್ ಕಟ್ಟುವುದು

ಈ ಭಾಗಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆತುರ ಬೇಡ.

1988ರಲ್ಲಿ ಆಂಡ್ರ್ಯೂ ವೀನರ್ ಮತ್ತು ಸಂಗಡಿಗರು ಪ್ರಸಿದ್ಧಿಗೆ ತಂದ ವಿನ್ಯಾಸವನ್ನೇ ಇವತ್ತಿಗೂ ಬಳಸುತ್ತೇವೆ. ಹೆಸರು 4-ಎಫ್ ಶೇಪರ್. ಮೊದಲ ಗ್ರೇಟಿಂಗ್ ಬಣ್ಣಗಳನ್ನು ಕೋನಗಳಾಗಿ ಬಿಡಿಸುತ್ತದೆ. ಅಲ್ಲಿಂದ ಒಂದು ನಾಭಿದೂರದಲ್ಲಿ ಲೆನ್ಸ್, ಇನ್ನೊಂದು ನಾಭಿದೂರದಲ್ಲಿ ಮಾಸ್ಕ್. ಮಾಸ್ಕಿನ ಮೇಲೆ ಬಣ್ಣಗಳು ಸಾಲಾಗಿ, ಒಂದೊಂದೂ ಒಂದು ಚುಕ್ಕೆಯಾಗಿ ಬೀಳುತ್ತವೆ. ಮಾಸ್ಕಿನಾಚೆ ಇದೇ ಜೋಡಣೆ ಕನ್ನಡಿಯಲ್ಲಿ ಕಂಡಂತೆ: ಲೆನ್ಸ್, ಗ್ರೇಟಿಂಗ್. ಬಣ್ಣಗಳು ಮತ್ತೆ ಒಂದಾಗಿ ಪಲ್ಸ್ ಹೊರಬರುತ್ತದೆ. ಯಕ್ಷಗಾನದ ಚೌಕಿಯಂತೆ ಎನ್ನಬಹುದು, ವೇಷಗಳು ಒಬ್ಬೊಬ್ಬರಾಗಿ ಬಣ್ಣ ಹಚ್ಚಿಕೊಂಡು ರಂಗಸ್ಥಳದಲ್ಲಿ ಒಂದೇ ಪ್ರಸಂಗವಾಗಿ ಕೂಡುತ್ತಾರೆ.

ಸಂಖ್ಯೆಗಳನ್ನು ಕೊಡುತ್ತೇನೆ. ಮಿಲಿಮೀಟರಿಗೆ 1200 ಗೆರೆಗಳ ಗ್ರೇಟಿಂಗ್, 28.7 ಡಿಗ್ರಿಯ ಆಸುಪಾಸಿನಲ್ಲಿ. 250 ಮಿಲಿಮೀಟರ್ ನಾಭಿದೂರದ ಲೆನ್ಸ್. ಆಗ ಮಾಸ್ಕಿನ ಮೇಲೆ 1 ನ್ಯಾನೋಮೀಟರ್ ಬಣ್ಣ 0.34 ಮಿಲಿಮೀಟರ್ ಜಾಗ ಹಿಡಿಯುತ್ತದೆ. ಮಾಸ್ಕ್ ದ್ರವ ಹರಳಿನದು, 100 ಮೈಕ್ರೊಮೀಟರ್ ಅಂತರದ 128 ಪಿಕ್ಸೆಲ್. ಒಟ್ಟು 12.8 ಮಿಲಿಮೀಟರಿನಲ್ಲಿ 37 ನ್ಯಾನೋಮೀಟರ್ ಹಿಡಿಸುತ್ತದೆ, ಒಂದು ಪಿಕ್ಸೆಲಿಗೆ 0.29 ನ್ಯಾನೋಮೀಟರ್. ಒಳಬರುವ ಬೆಳಕಿನ ಕಿರಣ 3 ಮಿಲಿಮೀಟರ್ ಅಗಲವಿರಲಿ. ಆಗ ಒಂದು ಬಣ್ಣದ ಚುಕ್ಕೆ ಸುಮಾರು 85 ಮೈಕ್ರೊಮೀಟರ್, ಪಿಕ್ಸೆಲಿನೊಳಗೆ ಕೂರುತ್ತದೆ. ಕಿರಣ 2 ಮಿಲಿಮೀಟರ್ ಆದರೆ ಚುಕ್ಕೆ 127ಕ್ಕೆ ಹಿಗ್ಗಿ ಪಕ್ಕದ ಪಿಕ್ಸೆಲಿಗೂ ಚಾಚುತ್ತದೆ.

ಮೇಜಿನ ಮೇಲೆ ಮಾಸ್ಕ್ ಇಲ್ಲದೆ ಕಟ್ಟಿ. ಒಳಗೆ ಹೋದ ಪಲ್ಸ್ ಅದೇ ಉದ್ದದಲ್ಲಿ ಹೊರಬರಬೇಕು. ಬರಲಿಲ್ಲವಾದರೆ ಎರಡನೆಯ ಗ್ರೇಟಿಂಗನ್ನು ಕಿರಣದ ದಿಕ್ಕಿನಲ್ಲಿ ಮುಂದೆ ಹಿಂದೆ ಸರಿಸಿ, ಪ್ರತಿ ಸಲವೂ ಆಟೊಕೊರಿಲೇಟರ್ ನೋಡಿ. ಆಮೇಲೆ ಹೊರಬಂದ ಕಿರಣವನ್ನು ಎರಡು ಮೀಟರ್ ದೂರದ ಕಾಗದದ ಮೇಲೆ ಬೀಳಿಸಿ, ಮಾಸ್ಕಿನ ಜಾಗದಲ್ಲಿ ರಟ್ಟಿನ ತುಂಡಿನಿಂದ ಒಂದು ಬದಿಯ ಬಣ್ಣಗಳನ್ನು ಮುಚ್ಚಿ. ಚುಕ್ಕೆ ಮಂಕಾಗಬೇಕು, ಜಾಗ ಬದಲಿಸಬಾರದು. ಬದಲಿಸಿದರೆ ಗ್ರೇಟಿಂಗುಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತೆ ಹೊಂದಿಕೊಂಡಿಲ್ಲ, ಬಣ್ಣಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿವೆ. ರಟ್ಟಿನ ಈ ಪರೀಕ್ಷೆಗೆ ಯಾವ ದುಬಾರಿ ಉಪಕರಣವೂ ಬೇಡ, ನಾನು ಇದನ್ನು ಎಂದೂ ಬಿಟ್ಟಿಲ್ಲ.

ಗ್ರೇಟಿಂಗನ್ನು ಬೆರಳಿನಿಂದ ಮುಟ್ಟಬಾರದು, ಒರೆಸಲೂ ಬಾರದು. ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಲೆನ್ಸುಗಳಿಗೆ ಫಂಗಸ್ ಹಿಡಿಯುತ್ತದೆ. ಬಳಸದ ಭಾಗಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಕೋಣೆಯಲ್ಲಿ ತೇವ ತೆಗೆಯುವ ಯಂತ್ರ ಹಗಲೂ ರಾತ್ರಿ ನಡೆಯಲಿ.

ಮಾಸ್ಕಿಗೆ ಭಾಷೆ ಕಲಿಸುವುದು

ನಮಗೆ ಪ್ರತಿ ಬಣ್ಣದ ಅಲೆಯ ಎತ್ತರವನ್ನೂ ಫೇಸನ್ನೂ ಬೇರೆ ಬೇರೆಯಾಗಿ ಬದಲಿಸಬೇಕು, ಅದಕ್ಕೆ ಎರಡು ಪದರದ ಮಾಸ್ಕ್ ಬೇಕು. ಎರಡು ಪದರಗಳ ಫೇಸಿನ ಸರಾಸರಿ ಬೆಳಕಿನ ಫೇಸ್ ಆಗುತ್ತದೆ. ಅವುಗಳ ವ್ಯತ್ಯಾಸದ ಅರ್ಧದ ಕೊಸೈನ್, ಪೋಲರೈಸರ್ ದಾಟಿದ ಮೇಲೆ, ಬೆಳಕಿನ ಎತ್ತರ ಆಗುತ್ತದೆ. ಪಿಕ್ಸೆಲಿನ ವೋಲ್ಟೇಜಿಗೂ ಫೇಸಿಗೂ ಇರುವ ಸಂಬಂಧ ನೇರ ಗೆರೆಯಲ್ಲ, ಪ್ರತಿ ಪದರಕ್ಕೂ ಅಳೆದು ಕೋಷ್ಟಕ ಮಾಡಿಡಿ. ಯಾವ ಪಿಕ್ಸೆಲಿಗೆ ಯಾವ ಬಣ್ಣ ಎಂಬುದಕ್ಕೆ ಒಂದೊಂದೇ ಪಿಕ್ಸೆಲ್ ತೆರೆದು ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ. ನಂತರ ಉಳಿದ ಚೂರುಪಾರು ಚಿರ್ಪನ್ನು (ಬಣ್ಣಗಳು ಹಿಂದುಮುಂದಾಗಿ ಬರುವುದನ್ನು) ಎದುರು ಚಿಹ್ನೆಯ ಫೇಸ್ ಬರೆದು ಅಳಿಸಿ.

ಅಂಚಿನ ಆಕಾರ ಬರೆಯುವುದು

ಒಂದು ಪಲ್ಸನ್ನು ಚೂರೇ ಚೂರು ಮುಂದೆ ಸರಿಸಿ, ಹಳೆಯ ಪಲ್ಸಿನಿಂದ ಹೊಸತನ್ನು ಕಳೆಯಿರಿ. ಉಳಿಯುವುದೇನು? ನೆತ್ತಿಯಲ್ಲಿ ಸೊನ್ನೆ, ಏರಿನಲ್ಲಿ ಒಂದು ಗುಡ್ಡ, ಇಳಿಜಾರಿನಲ್ಲಿ ಎದುರು ಚಿಹ್ನೆಯ ಇನ್ನೊಂದು ಗುಡ್ಡ. ಈ ಎರಡು ಗುಡ್ಡದ ಆಕಾರವೇ ಕಾಲದ ಮಾಹಿತಿ ಹೊತ್ತ ಆಕಾರ. ಆಧಾರದ ಬೆಳಕು ಇದೇ ಆಕಾರದಲ್ಲಿದ್ದರೆ ಡಿಟೆಕ್ಟರ್ ಈ ಬದಲಾವಣೆಯನ್ನು ಮಾತ್ರ ಹೆಕ್ಕುತ್ತದೆ, ಉಳಿದ ಫೋಟಾನುಗಳ ಗದ್ದಲ ಅದಕ್ಕೆ ಕೇಳಿಸುವುದಿಲ್ಲ.

ರೋಹಿತದಲ್ಲಿ ಇದನ್ನು ಬರೆಯುವುದು ಸುಲಭ. ಪ್ರತಿ ಬಣ್ಣದ ಎತ್ತರವನ್ನು ಅದು ನಡುವಿನ ಬಣ್ಣದಿಂದ ಆವೃತ್ತಿಯಲ್ಲಿ ಎಷ್ಟು ದೂರವಿದೆಯೋ ಅಷ್ಟರಿಂದ ಗುಣಿಸಿ. ನಡುವಿನಲ್ಲಿ ಸೊನ್ನೆ. ಒಂದು ಬದಿಗೆ ಫೇಸ್ ಸೊನ್ನೆ, ಇನ್ನೊಂದು ಬದಿಗೆ 180 ಡಿಗ್ರಿ. ಮೂರು ಮಾನಕ ವಿಚಲನೆ ದೂರದಲ್ಲಿ ಪೂರ್ತಿ ತೆರೆದಿರಲಿ. ನಮ್ಮ ಸಂಖ್ಯೆಗಳಲ್ಲಿ ಇದು ನಡುವಿನಿಂದ ಎರಡೂ ಕಡೆ 12 ನ್ಯಾನೋಮೀಟರ್, ಒಟ್ಟು 82 ಪಿಕ್ಸೆಲ್. ಮಾಸ್ಕ್ ದಾಟಿ ಬರುವ ಬೆಳಕು ಸುಮಾರು ಒಂಬತ್ತರಲ್ಲಿ ಒಂದು ಪಾಲು. ಇದು ಆಧಾರದ ಬೆಳಕಾದ್ದರಿಂದ ಚಿಂತೆಯಿಲ್ಲ.

ಚಿಂತೆ ಮಾಡಬೇಕಾದ್ದು ಸೊನ್ನೆಯ ಜಾಗದ ಬಗ್ಗೆ. ಸಂಶೋಧನೆಯ ಮೊದಲ ವರ್ಷಗಳಲ್ಲಿ ನನಗೆ ಸಿಗ್ನಲ್ ಲೆಕ್ಕಕ್ಕಿಂತ ಸುಮಾರು 15 ಪಟ್ಟು ದೊಡ್ಡದಾಗಿ ಬಂತು. ಮೂರು ವಾರ ಅದನ್ನೇ ನಂಬಿ ಅಳತೆ ತೆಗೆದೆ. ಕೊನೆಗೆ ನೋಡಿದರೆ ಮಾಸ್ಕಿನ ಸೊನ್ನೆ ಒಂದೇ ಒಂದು ಪಿಕ್ಸೆಲ್ ಸರಿದಿತ್ತು. ಒಂದು ಪಿಕ್ಸೆಲ್ ಎಂದರೆ ರೋಹಿತದ ಮಾನಕ ವಿಚಲನೆಯ ಶೇ. 7 ಮಾತ್ರ. ಆದರೆ ಆ ಶೇ. 7ರ ಮೂಲಕ ಮೂಲ ಪಲ್ಸಿನ ಆಕಾರ ಆಧಾರದೊಳಗೆ ನುಸುಳುತ್ತದೆ, ಅದು ಅಳೆಯುವುದು ಫೇಸನ್ನು, ಫೇಸ್ 200 ಪಟ್ಟು ಸೂಕ್ಷ್ಮ. 0.07ನ್ನು 200ರಿಂದ ಗುಣಿಸಿ ನೋಡಿ. ನಾನು ಅಂಚನ್ನು ಅಳೆಯುತ್ತಿದ್ದೇನೆ ಅಂದುಕೊಂಡು ಡಬ್ಬಿಗಳ ಸಂದಿಯನ್ನು ಅಳೆಯುತ್ತಿದ್ದೆ.

ಸರಿಪಡಿಸುವ ದಾರಿ ಇದು. ಎರಡೂ ಬೆಳಕನ್ನು ಕೂಡಿಸಿ, ಸಿಗ್ನಲಿನ ದಾರಿಯ ಪೀಜೊ ಕನ್ನಡಿಯನ್ನು (ವೋಲ್ಟೇಜ್ ಕೊಟ್ಟರೆ ಚೂರೇ ಸರಿಯುವ ಕನ್ನಡಿಯನ್ನು) ಕೆಲವು ಅಲೆಯುದ್ದದಷ್ಟು ಹಿಂದೆ ಮುಂದೆ ಆಡಿಸಿ. ಆಕಾರಗಳು ಪರಿಶುದ್ಧವಾಗಿದ್ದು ಪಲ್ಸುಗಳು ಒಂದೇ ಕ್ಷಣಕ್ಕೆ ಬಂದರೆ ಏರಿಳಿತದ ಪಟ್ಟೆಗಳೇ ಕಾಣಬಾರದು. ಕಂಡರೆ ಎರಡು ಕಾರಣವಿರಬಹುದು: ಕಾಲದ ಅಂತರ ಉಳಿದಿದೆ, ಇಲ್ಲವೇ ಮಾಸ್ಕಿನ ಸೊನ್ನೆ ಸರಿದಿದೆ. ಒಂದನ್ನು ತಿದ್ದಿ ಇನ್ನೊಂದರ ತಪ್ಪನ್ನು ಮುಚ್ಚಲಾಗದು. ಮೊದಲು ದಾರಿಯ ಉದ್ದವನ್ನು ಬದಲಿಸಿ ಪಟ್ಟೆಯನ್ನು ಆದಷ್ಟು ಕಡಮೆ ಮಾಡಿ, ಆಮೇಲೆ ಮಾಸ್ಕಿನ ಸೊನ್ನೆ ಸರಿಸಿ, ಮತ್ತೆ ದಾರಿ, ಮತ್ತೆ ಮಾಸ್ಕ್. ಸೊನ್ನೆ ಎರಡು ಪಿಕ್ಸೆಲಿನ ನಡುವೆ ಬೀಳಬೇಕಾದರೆ ಎತ್ತರದ ಇಡೀ ಗೆರೆಯನ್ನೇ ಪಿಕ್ಸೆಲಿನ ಸಣ್ಣ ಭಾಗದಷ್ಟು ಸರಿಸಿ ಬರೆಯಿರಿ.

ಹೋಮೊಡೈನ್

ಒಂದೇ ಲೇಸರಿನ ಎರಡು ಬೆಳಕನ್ನು ಕೂಡಿಸಿ ಅಳೆಯುವುದಕ್ಕೆ ಹೋಮೊಡೈನ್ ಎನ್ನುತ್ತಾರೆ. 50:50 ಬೀಮ್ ಸ್ಪ್ಲಿಟರಿನಲ್ಲಿ ಸಿಗ್ನಲ್ ಮತ್ತು ಆಧಾರ ಕೂಡುತ್ತವೆ. ಎರಡು ಬಾಯಿಗಳಲ್ಲಿ ಎರಡು ಸಿಲಿಕಾನ್ ಫೋಟೊಡಯೋಡ್, ಒಂದರ ಕರೆಂಟಿನಿಂದ ಇನ್ನೊಂದರದ್ದನ್ನು ಕಳೆದು ಉಳಿದದ್ದನ್ನು, ಯಾವ ಆವೃತ್ತಿಯಲ್ಲಿ ಎಷ್ಟು ಏರಿಳಿತವಿದೆ ಎಂದು ತೋರಿಸುವ ಸ್ಪೆಕ್ಟ್ರಮ್ ಅನಲೈಸರಿಗೆ ಕೊಡಿ. ಸಿಗ್ನಲ್ ಮುಚ್ಚಿ ಆಧಾರವನ್ನು ಮಾತ್ರ ಬಿಟ್ಟು ಪರೀಕ್ಷಿಸಿ: ಅದರ ಶಕ್ತಿ ಎರಡು ಪಟ್ಟಾದಾಗ ನಾಯ್ಸ್ 3 ಡೆಸಿಬೆಲ್ ಏರಿದರೆ ಅದು ಶಾಟ್ ನಾಯ್ಸ್. 6 ಏರಿದರೆ ಲೇಸರಿನದೇ ಗದ್ದಲ ಸೋರುತ್ತಿದೆ, ಡಯೋಡುಗಳ ಸಮತೋಲನ ಸರಿಪಡಿಸಿ. ಕೆಳಗಿನ ಆವೃತ್ತಿಗಳಲ್ಲಿ ಲೇಸರ್ ಎಂದೂ ಮೌನವಾಗಿರುವುದಿಲ್ಲ, ಅಳತೆಯನ್ನು ಒಂದೆರಡು ಮೆಗಾಹರ್ಟ್ಸ್ ಮೇಲಕ್ಕೆ ಒಯ್ಯಿರಿ.

ಎರಡು ಕಿರಣಗಳು ಎಷ್ಟು ಚೆನ್ನಾಗಿ ಒಂದರ ಮೇಲೊಂದು ಕೂರುತ್ತವೆ ಎಂಬುದು ವರ್ಗವಾಗಿ ಲೆಕ್ಕಕ್ಕೆ ಬರುತ್ತದೆ. ಮಾಸ್ಕನ್ನು ಸಪಾಟಾಗಿಟ್ಟು ನೋಡಿದಾಗ ಪಟ್ಟೆಯ ಗೋಚರತೆ 0.9 ಇದ್ದರೆ ದಕ್ಷತೆ 0.81 ಮಾತ್ರ.

ಎರಡು ಬೆಳಕುಗಳ ಫೇಸಿನ ಅಂತರ ಅಲುಗದಂತೆ ಹಿಡಿದಿಡುವ ಫೇಸ್ ಲಾಕ್ ಇಲ್ಲಿನ ಕಗ್ಗಂಟು. ಅಂಚಿನ ಮಾಸ್ಕ್ ಸರಿಯಾಗಿದ್ದರೆ ಸರಾಸರಿ ಸಿಗ್ನಲ್ ಸೊನ್ನೆ, ಅದನ್ನು ನೋಡಿ ಲಾಕ್ ಮಾಡಲಾಗದು. ಕೂಡಿದ ಬೆಳಕಿನಿಂದ ಶೇ. 1ರಷ್ಟನ್ನು ಬೇರೆ ತೆಗೆದು, ರೋಹಿತದ ಒಂದು ಬದಿಯ ಬಣ್ಣವನ್ನು ಮಾತ್ರ ಬಿಡುವ ಕಿರಿದಾದ ಫಿಲ್ಟರ್ ದಾಟಿಸಿ ಇನ್ನೊಂದು ಡಯೋಡಿಗೆ ಕೊಡಿ. ಒಂದೇ ಬದಿಯಲ್ಲಿ ಎದುರು ಚಿಹ್ನೆಯ ಜೊತೆಗಾರ ಇಲ್ಲವಾದ್ದರಿಂದ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ಪಟ್ಟೆಯ ಏರಿನ ನಟ್ಟನಡುವೆ ಪೀಜೊವನ್ನು ಲಾಕ್ ಮಾಡಿ. ಲಾಕ್ ನಿಧಾನದ್ದಾಗಿರಲಿ, ಕಿಲೋಹರ್ಟ್ಸ್ ಒಳಗೆ. ಇಲ್ಲದಿದ್ದರೆ ಅಳೆಯಬೇಕಾದ್ದನ್ನೇ ಅದು ಅಳಿಸಿಬಿಡುತ್ತದೆ.

ಇಡೀ ಜೋಡಣೆಗೆ ಪೆಟ್ಟಿಗೆಯ ಮುಚ್ಚಳ ಬೇಕೇ ಬೇಕು. ಒಂದು ಮೀಟರ್ ದಾರಿಯ ಗಾಳಿ 1 ಡಿಗ್ರಿ ಬಿಸಿಯಾದರೆ ಪಲ್ಸ್ ಸುಮಾರು 3 ಫೆಮ್ಟೊಸೆಕೆಂಡ್ ಬೇಗ ಬರುತ್ತದೆ, ಒಂದು ಇಡೀ ಡಬ್ಬಿಗಿಂತ ಹೆಚ್ಚು. ಫ್ಯಾನ್ ಆರಿಸಿ, ಎಸಿಯ ಗಾಳಿ ಮೇಜಿಗೆ ನೇರ ಬೀಳದಿರಲಿ. ಗಾಳಿಯ ಒತ್ತಡ, ಉಷ್ಣತೆ, ತೇವದ ಏರಿಳಿತಕ್ಕೆ ಕಿವುಡಾಗಿರುವ ಆಕಾರವನ್ನೇ ಆಧಾರದ ಬೆಳಕಿಗೆ ಕೊಡಬಹುದೆಂದು ಪ್ಯಾರಿಸಿನ ಅದೇ ಬಳಗ 2012ರಲ್ಲಿ ತೋರಿಸಿತು. ನಮ್ಮಂಥ ತೇವದ ಊರಿನಲ್ಲಿ ಕೂತು ಓದಿದಾಗ ಆ ಯೋಚನೆಯ ಚೆಲುವು ಮನಸ್ಸಿಗೆ ನಾಟುತ್ತದೆ.

ಮಿತಿಯ ಆಚೆ

ಅಂಚಿನ ಆಕಾರದಲ್ಲಿಯೇ ಹಿಂಡಿದ ಬೆಳಕನ್ನು, ಅಂದರೆ ಅಳೆಯುವ ಗುಣದಲ್ಲಿ ಏರಿಳಿತವನ್ನು ಕುಗ್ಗಿಸಿದ ಸ್ಕ್ವೀಝ್ಡ್ ಲೈಟನ್ನು, ಸಿಗ್ನಲಿನೊಂದಿಗೆ ಬೆರೆಸಿದರೆ ಶಾಟ್ ನಾಯ್ಸಿಗಿಂತಲೂ ಕೆಳಗೆ ಇಳಿಯಬಹುದು. ಅಮೆರಿಕದ ವೀಕ್ಷಣಾಲಯ ಲೈಗೊ 2019ರಿಂದ ಗುರುತ್ವ ಅಲೆಗಳ ವೀಕ್ಷಣೆಯಲ್ಲಿ ಹಿಂಡಿದ ಬೆಳಕನ್ನು ಬಳಸುತ್ತಿದೆ. ಅದರ ಭಾರತದ ಶಾಖೆ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿದೆ. ಆದರೆ ನಷ್ಟವಿರುವ ಕಡೆ ಹಿಂಡಿದ ಬೆಳಕು ಬಾಳುವುದಿಲ್ಲ. 10 ಡೆಸಿಬೆಲ್ ಹಿಂಡಿದ ಬೆಳಕು, ದಕ್ಷತೆ 0.8 ಇದ್ದರೆ ಡಿಟೆಕ್ಟರಿನಲ್ಲಿ 5.5 ಡೆಸಿಬೆಲ್ ಆಗಿ ಉಳಿಯುತ್ತದೆ. ಮೊದಲು ದಕ್ಷತೆ ಸರಿಮಾಡಿಕೊಳ್ಳಿ, ಇದರ ಯೋಚನೆ ಆಮೇಲೆ.

ಕೊನೆಯ ಪರೀಕ್ಷೆ

ಸಿಗ್ನಲಿನ ದಾರಿಯಲ್ಲಿ ಪೀಜೊಗೆ ಅಂಟಿಸಿದ ಹಗುರ ಕನ್ನಡಿಯೊಂದನ್ನು ಮೆಗಾಹರ್ಟ್ಸ್ ಆವೃತ್ತಿಯಲ್ಲಿ ಅಲುಗಿಸಿ. ಮಾಸ್ಕನ್ನು ಸಪಾಟಾಗಿಟ್ಟು ಮೊದಲು ಫೇಸಿನ ಅಳತೆ ತೆಗೆಯಿರಿ. ಕನ್ನಡಿ 400 ನ್ಯಾನೋಮೀಟರ್ ಸರಿದರೆ ಒಂದು ಪೂರ್ತಿ ಪಟ್ಟೆ, ಈ ಲೆಕ್ಕದಿಂದ ಅದರ ಅಲುಗಾಟ ಎಷ್ಟೆಂದು ಸಿಗುತ್ತದೆ. ಡಬ್ಬಿಗಳೇ ಇಲ್ಲಿ ಅಳತೆಗೋಲು. ಅಲುಗಾಟ 0.1 ನ್ಯಾನೋಮೀಟರ್ ಆದರೆ ಬೆಳಕು ಹೋಗಿಬರುವ ಕಾಲ 0.67 ಆಟೊಸೆಕೆಂಡ್ (ಒಂದು ಆಟೊಸೆಕೆಂಡ್ ಎಂದರೆ ಸಾವಿರ ಝೆಪ್ಟೊಸೆಕೆಂಡ್) ಬದಲಾಗುತ್ತದೆ.

ಈಗ ಅಂಚಿನ ಮಾಸ್ಕ್ ಹಾಕಿ. ಸಿಗ್ನಲ್ 1 ಮಿಲಿವಾಟ್, ಅನಲೈಸರಿನ ಬ್ಯಾಂಡ್ 1 ಕಿಲೋಹರ್ಟ್ಸ್ ಇದ್ದು ನಷ್ಟವೇ ಇಲ್ಲದಿದ್ದರೆ ಅದೇ ಅಲುಗಾಟ ಶಾಟ್ ನಾಯ್ಸಿನ ಮೇಲೆ 24 ಡೆಸಿಬೆಲ್ ಎತ್ತರದ ಮೊನೆಯಾಗಿ ನಿಲ್ಲಬೇಕು. ದಕ್ಷತೆ 0.8 ಆದರೆ 23. ಎರಡೂ ಸಲ ಮೊನೆಯನ್ನು ಆಯಾ ಮಾಸ್ಕಿನ ಶಾಟ್ ನಾಯ್ಸಿಗೆ ಹೋಲಿಸಿಯೇ ಅಳೆಯಿರಿ, ಆಧಾರದ ಶಕ್ತಿ ಬದಲಾಗಿರುತ್ತದೆ. ಫೇಸಿನ ಮೊನೆಗೂ ಅಂಚಿನ ಮೊನೆಗೂ ಇರುವ ಅಂತರ 46 ಡೆಸಿಬೆಲ್, ಅಂದರೆ ಮೊದಲ ಪುಟದಲ್ಲಿ ಬರೆದಿಟ್ಟ ಆ 200. ಅಂತರ 20ರ ಆಸುಪಾಸಿಗೆ ಬಂದರೆ ಸಂತೋಷಪಡಬೇಡಿ, ಮಾಸ್ಕಿನ ಸೊನ್ನೆ ಒಂದು ಪಿಕ್ಸೆಲ್ ಸರಿದಿದೆ.